ಮುಂದಿನ ಮೋಟರೋ, ಮನೆ ಏರಿಗೆ ಕಾಂಕ್ರೀಟೋ

ಉತ್ತರ ಕನ್ನಡ ಜಿಲ್ಲೆಯ ನಮ್ಮ ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ. ಅರವತ್ತು ಕಿಲೋಮೀಟರ್ ದೂರದ ಕುಮಟಾ ಕಡಲ ಮಗ್ಗುಲಲ್ಲಿದೆ. ಈ ಎತ್ತರದ ಬಹುಪಾಲು ರಾಗಿಹೊಸಳ್ಳಿಯಿಂದ ಕತಗಾಲದವರೆಗಿನ ದೇವಿಮನೆ ಘಟ್ಟದಲ್ಲೇ ಇಳಿದುಹೋಗುತ್ತದೆ. ವಿದ್ಯುತ್ ಎಸ್‌ಯುವಿ ಕೊಳ್ಳುವುದೆಂದು ನಿಶ್ಚಯವಾದ ಮೇಲೆ ನಮಗೆ ಉಳಿದ ಪ್ರಶ್ನೆ ಒಂದೇ: ಅದೇ ಗಾಡಿ, ಅದೇ ಬ್ಯಾಟರಿ, ಹಿಂದೆ ಮಾತ್ರ ಮೋಟರ್ ಇರುವ ಟ್ರಿಮ್ (ಒಂದೇ ಗಾಡಿಯ ಬೇರೆ ಬೇರೆ ದರ್ಜೆ) ಸಾಕೋ, ಮುಂದೆಯೂ ಒಂದು ಮೋಟರ್ ಇರುವ ದುಬಾರಿ ಟ್ರಿಮ್ ಬೇಕೋ? ಶೋರೂಮಿನಲ್ಲಿ ಇದಕ್ಕೆ ಸಿಗುವ ಉತ್ತರ, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂಬುದು. ಘಟ್ಟದ ಮೇಲಿನವರಿಗಾಗಲಿ ಕೆಳಗಿನವರಿಗಾಗಲಿ ಆ ಸೆಕೆಂಡುಗಳಿಂದ ತೀರ್ಮಾನ ಮಾಡಲು ಬರುವುದಿಲ್ಲ. ಹಾಗಾಗಿ ಲೆಕ್ಕವನ್ನು ದರಪಟ್ಟಿಯಿಂದ ಶುರುಮಾಡಿ ಮನೆಯ ಗೇಟಿನವರೆಗೂ ತಂದೆವು.

ಮೊದಲ ಕೆಲಸ, ಹೆಚ್ಚು ಕೊಡುವ ಹಣ ಯಾವುದಕ್ಕೆ ಹೋಗುತ್ತದೆ ಎಂದು ಬಿಡಿಸಿ ನೋಡುವುದು. ಟಾಟಾ ಹ್ಯಾರಿಯರ್ ಇವಿಯ ದರ 2025ರ ಜೂನ್‌ನಲ್ಲಿ ಪ್ರಕಟವಾದಾಗ 75 ಯೂನಿಟ್ ಬ್ಯಾಟರಿಯ ಫಿಯರ್‌ಲೆಸ್ ಪ್ಲಸ್ 24.99 ಲಕ್ಷ, ಅದೇ ಬ್ಯಾಟರಿಯ ಎಂಪವರ್ಡ್ 27.49 ಲಕ್ಷ, ಎಂಪವರ್ಡ್‌ನಲ್ಲೇ ಎರಡು ಮೋಟರಿನ ಕ್ಯೂಡಬ್ಲ್ಯೂಡಿ 28.99 ಲಕ್ಷ; ಎಲ್ಲವೂ ಎಕ್ಸ್-ಶೋರೂಮ್. (ಕಿಲೋವ್ಯಾಟ್ ಅವರ್ ಎಂದರೂ ಹೆಸ್ಕಾಂ ಬಿಲ್ಲಿನ ಯೂನಿಟ್ ಎಂದರೂ ಒಂದೇ, ಇಲ್ಲಿ ಯೂನಿಟ್ ಎಂದೇ ಬರೆದಿದ್ದೇವೆ.) ಮೇಲ್ನೋಟಕ್ಕೆ ಎರಡನೇ ಮೋಟರಿನ ಬೆಲೆ ಒಂದೂವರೆ ಲಕ್ಷ. ಆದರೆ ಬಿಡುಗಡೆಯಾದಾಗ ಕ್ಯೂಡಬ್ಲ್ಯೂಡಿ ಸಿಕ್ಕಿದ್ದು ಮೇಲಿನ ಟ್ರಿಮ್ಮಿನಲ್ಲಿ ಮಾತ್ರ. ದೊಡ್ಡ ಬ್ಯಾಟರಿ ಬೇಕು, ಉಳಿದ ಸೌಕರ್ಯಗಳ ಹಂಬಲವಿಲ್ಲ ಎನ್ನುವವರು ಫಿಯರ್‌ಲೆಸ್ ಪ್ಲಸ್ ಜೊತೆಗೇ ಹೋಲಿಸಬೇಕು, ಆಗ ಅಂತರ ನಾಲ್ಕು ಲಕ್ಷ.

ಅಲ್ಲಿಗೂ ಮುಗಿಯುವುದಿಲ್ಲ. ಕರ್ನಾಟಕ 2024ರ ತಿದ್ದುಪಡಿಯಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರಷ್ಟು ಆಜೀವ ತೆರಿಗೆ ಹಾಕಿತು. ಆಗಿನ ಆ ನಿಯಮದಂತೆ 24.99 ಲಕ್ಷದ ಗಾಡಿ ತೆರಿಗೆಯ ಗೆರೆಯ ಈಚೆಗೇ ನಿಲ್ಲುತ್ತಿತ್ತು. 27.49 ಲಕ್ಷದ್ದು 2.75 ಲಕ್ಷ ತೆರಿಗೆ ಸೇರಿ 30.24 ಆಗುತ್ತದೆ, 28.99 ಲಕ್ಷದ್ದು 2.90 ಸೇರಿ 31.89. ಅಂದರೆ ಎಂಪವರ್ಡ್ ಹೇಗೂ ತೆಗೆದುಕೊಳ್ಳುವವರಿಗೆ ಎರಡನೇ ಮೋಟರ್ 1.65 ಲಕ್ಷ; ಫಿಯರ್‌ಲೆಸ್ ಪ್ಲಸ್ ಸಾಕು ಎನ್ನುವವರಿಗೆ ಅದೇ ಮೋಟರ್ 6.90 ಲಕ್ಷ. ಒಂದೇ ವಸ್ತುವಿಗೆ ಎರಡು ಬೆಲೆ. ಯಾವುದು ನಿಮ್ಮದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ತೆರಿಗೆಯ ಹಂತಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ. ಬಿಲ್ ಆಗುವ ದಿನ ಜಾರಿಯಲ್ಲಿರುವ ದರವನ್ನು ನಿಮ್ಮ ಆರ್‌ಟಿಓದಲ್ಲಿ, ಕಾರವಾರವೋ ಶಿರಸಿಯೋ ಹೊನ್ನಾವರವೋ, ಕೇಳಿ ಈ ಗುಣಾಕಾರವನ್ನು ಮತ್ತೆ ಮಾಡಿ. ಗಾಡಿ ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಬಂದರೂ ನೋಂದಣಿ ನಿಮ್ಮ ಊರಿನದೇ.

ವಿಮೆಯಲ್ಲಿ ಭಯಪಡುವಷ್ಟು ವ್ಯತ್ಯಾಸವಿಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂನ ಮೇಲಿನ ಹಂತ 65 ಕಿಲೋವ್ಯಾಟ್ ದಾಟಿದೊಡನೆ ಬರುತ್ತದೆ, ಒಂದು ಮೋಟರಿನದೂ ಎರಡು ಮೋಟರಿನದೂ ಅದೇ ಹಂತದಲ್ಲಿವೆ. ಸ್ವಂತ ಹಾನಿಯ ಭಾಗ ಗಾಡಿಯ ಬೆಲೆಯ ಮೇಲೆ ನಿಂತಿದೆ. ಒಂದೂವರೆ ಲಕ್ಷಕ್ಕೆ ಎಷ್ಟು ಏರಬಹುದೋ ಅಷ್ಟೇ.

ಇನ್ನು ಬಲದ ವಿಷಯ. ಹ್ಯಾರಿಯರ್ ಇವಿಯ ಹಿಂದಿನ ಮೋಟರ್ 175 ಕಿಲೋವ್ಯಾಟ್, ಅಂದರೆ 238 ಪಿಎಸ್ (ಕುದುರೆಬಲ), 315 ಎನ್ಎಂ (ಟಾರ್ಕ್, ತಿರುಗಿಸುವ ಬಲ). ಎರಡೂ ಮೋಟರ್ ಸೇರಿದರೆ 396 ಪಿಎಸ್, 504 ಎನ್ಎಂ. ಬೂಸ್ಟ್ ಮೋಡಿನಲ್ಲಿ ನೂರಕ್ಕೆ 6.3 ಸೆಕೆಂಡು. ದೇವಿಮನೆಗೆ ಇದರಲ್ಲಿ ಎಷ್ಟು ಬೇಕು? ಐದು ಜನ, ಸಾಮಾನು ಸೇರಿ ಗಾಡಿಯ ತೂಕ 2,600 ಕಿಲೋ ಎಂದು ಹಿಡಿಯೋಣ. ನೂರು ಮೀಟರಿಗೆ ಹತ್ತು ಮೀಟರ್ ಏರುವ ಚಡಾವಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗ ಕಾಯ್ದುಕೊಳ್ಳಲು ಬೇಕಾದದ್ದು ಏರಿಗೆ 28, ಟೈರಿನ ಉರುಳು ತಡೆಗೆ ಮೂರೂವರೆ, ಒಟ್ಟು 32 ಕಿಲೋವ್ಯಾಟಿನ ಆಸುಪಾಸು. ಒಂದೇ ಮೋಟರಿನ ಶಕ್ತಿಯಲ್ಲಿ ಐದನೇ ಒಂದು ಭಾಗವೂ ಆಗಲಿಲ್ಲ. ಅರಬೈಲ್ ಘಟ್ಟಕ್ಕೂ ಗೇರುಸೊಪ್ಪೆಯ ಏರಿಗೂ ಇದೇ ಲೆಕ್ಕ ಸಲ್ಲುತ್ತದೆ. ಡೀಸೆಲ್ ಗಾಡಿಯಲ್ಲಿ ಎರಡನೇ ಗೇರಿಗೆ ಇಳಿಸಿ, ಇಂಜಿನ್ನಿನ ನರಳಾಟ ಕೇಳಿ ಘಟ್ಟ ಹತ್ತಿದವರಿಗೆ ‘ದೊಡ್ಡ ಮೋಟರ್ ಇದ್ದರೆ ಒಳ್ಳೇದು’ ಅನಿಸುವುದು ಸಹಜ. ವಿದ್ಯುತ್ ಗಾಡಿಯಲ್ಲಿ ಆ ಚಿಂತೆಗೆ ಜಾಗವೇ ಇಲ್ಲ.

ಓವರ್‌ಟೇಕಿಗೆ ಬಲ ಬೇಕಲ್ಲ ಎಂಬ ಮಾತು ಬರುತ್ತದೆ. ಅದನ್ನೂ ಕಾಗದದ ಮೇಲೆ ಹಾಕಿ ನೋಡಿದೆವು. ಮುಂದೆ ಲಾರಿ 40ರಲ್ಲಿ ಹೋಗುತ್ತಿದೆ, ನೀವೂ ಅದರ ಹಿಂದೆ 40ರಲ್ಲಿದ್ದೀರಿ. ಲಾರಿಯ ಉದ್ದ, ಹಿಂದೆ ಮುಂದೆ ಬಿಡುವ ಅಂತರ ಸೇರಿ ಲಾರಿಗಿಂತ 40 ಮೀಟರ್ ಹೆಚ್ಚು ಸಾಗಬೇಕು. ಪ್ರತಿ ಸೆಕೆಂಡೂ ತನ್ನ ವೇಗವನ್ನು ಸೆಕೆಂಡಿಗೆ 3 ಮೀಟರಿನಷ್ಟು ಏರಿಸಿಕೊಳ್ಳುವ ಗಾಡಿ ಇದನ್ನು 5.2 ಸೆಕೆಂಡಿನಲ್ಲಿ, 97 ಮೀಟರ್ ರಸ್ತೆಯಲ್ಲಿ ಮುಗಿಸುತ್ತದೆ. 4.5 ಮೀಟರ್ ಏರಿಸಿಕೊಳ್ಳುವ ಗಾಡಿಗೆ 4.2 ಸೆಕೆಂಡು, 87 ಮೀಟರ್. ಉಳಿತಾಯ ಒಂದು ಸೆಕೆಂಡು, ಹತ್ತು ಮೀಟರ್. ಆದರೆ ಕೊನೆಯಲ್ಲಿ ಗಾಡಿಯ ವೇಗ ಎಷ್ಟಾಗಿರುತ್ತದೆ ನೋಡಿ: ಮೊದಲನೆಯದು 96, ಎರಡನೆಯದು 108. ದೇವಿಮನೆಯಲ್ಲಿ 96ಕ್ಕೇ ಮುಂದಿನ ಮುರ್ಕಿ (ತಿರುವು) ಎದುರು ಬಂದಿರುತ್ತದೆ. ಘಟ್ಟದಲ್ಲಿ ಓವರ್‌ಟೇಕಿಗೆ ಅಡ್ಡಬರುವುದು ಕಣ್ಣಿಗೆ ಕಾಣುವ ರಸ್ತೆಯ ಉದ್ದ, ಮೋಟರ್ ಅಲ್ಲ. ಹೆಚ್ಚಿನ ಬಲವನ್ನು ಬಳಸಲು ಬರುವ ರಸ್ತೆ ನಮ್ಮಲ್ಲಿ ಭಟ್ಕಳದಿಂದ ಕಾರವಾರದವರೆಗಿನ ಚತುಷ್ಪಥ ಒಂದೇ, ಅಲ್ಲಿ ಎದುರಿನಿಂದ ಗಾಡಿ ಬರುವ ಪ್ರಶ್ನೆಯೇ ಇಲ್ಲವಾದ್ದರಿಂದ ಆ ಒಂದು ಸೆಕೆಂಡಿನ ಅಗತ್ಯವೂ ಇಲ್ಲ.

ಇಲ್ಲಿಗೆ ದುಬಾರಿ ಟ್ರಿಮ್ ಸೋತಿತು ಅನ್ನಬಹುದಿತ್ತು. ಆದರೆ ನಮ್ಮ ಜಿಲ್ಲೆಯಲ್ಲಿ ಗಾಡಿಯ ನಿಜವಾದ ಪರೀಕ್ಷೆ ಡಾಂಬರು ಮುಗಿದ ಮೇಲೆ ಶುರುವಾಗುತ್ತದೆ. ಮನೆಗೆ ಹೋಗುವ ಕೊನೆಯ ನೂರಿನ್ನೂರು ಮೀಟರ್, ತೋಟಕ್ಕೆ ಇಳಿಯುವ ಕೆಮ್ಮಣ್ಣಿನ ದಾರಿ, ಆಷಾಢದಲ್ಲಿ ರಾಡಿಯೆದ್ದು ಶ್ರಾವಣಕ್ಕೆ ಹಾವಸೆ ಕಟ್ಟುವ ಏರು. ಎರಡನೇ ಮೋಟರಿನ ಬೆಲೆಯನ್ನು ಅಳೆಯಬೇಕಾದ ಜಾಗ ಇದು.

ಏರನ್ನು ಅಳೆಯುವುದು ಸುಲಭ. ಸರಿಯಾಗಿ ಒಂದು ಮೀಟರ್ ಉದ್ದದ ಹಲಗೆ, ಗಾರೆ ಕೆಲಸದವರ ರಸಮಟ್ಟ, ಒಂದು ಟೇಪು ಸಾಕು. ಹಲಗೆಯ ಮೇಲಿನ ತುದಿಯನ್ನು ನೆಲಕ್ಕೆ ತಾಗಿಸಿ, ಗುಳ್ಳೆ ನಡುವೆ ಬರುವವರೆಗೆ ಕೆಳಗಿನ ತುದಿಯನ್ನು ಎತ್ತಿ, ಆ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಎಂದು ನೋಡಿ. ಇಪ್ಪತ್ತು ಬಂದರೆ ಏರು ಶೇ 20. ಐದು ಮೀಟರಿಗೊಮ್ಮೆ ಅಳೆದು ಬರೆದುಕೊಳ್ಳಿ, ಸರಾಸರಿ ಬೇಡ, ಅತಿ ಕಡಿದಾದ ಜಾಗದ್ದೇ ಲೆಕ್ಕ. ತಿರುವಿನ ಒಳಮೈಯಲ್ಲಿ ಬೇರೆಯಾಗಿ ಅಳೆಯಿರಿ, ಗಾಡಿ ನಿಲ್ಲುವುದು ಅಲ್ಲೇ.

ಶೇ 20ರ ಏರಿನಲ್ಲಿ 2,600 ಕಿಲೋದ ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ ಸುಮಾರು 510 ಕಿಲೋ ಭಾರದಷ್ಟು. ಮೆತ್ತನೆಯ ಮಣ್ಣಿನಲ್ಲಿ ಟೈರ್ ಹೂತು ಉರುಳುವುದಕ್ಕೆ ಇನ್ನೊಂದು 130. ಒಟ್ಟು 640 ಕಿಲೋದಷ್ಟು ಎಳೆತ ಬೇಕು. ಈಗ ನೆಲ ಎಷ್ಟು ಹಿಡಿತ ಕೊಡುತ್ತದೆ ಎಂಬುದು. ಗಾಡಿ ಏರುಮುಖವಾದಾಗ ಹಿಂದಿನ ಎರಡು ಗಾಲಿಗಳ ಮೇಲೆ 1,430 ಕಿಲೋದಷ್ಟು ಭಾರ ಕೂರುತ್ತದೆ, ನಾಲ್ಕೂ ಸೇರಿದರೆ 2,550.

ಒಣಗಿದ ಗಟ್ಟಿ ಮಣ್ಣಿನಲ್ಲಿ ಹಿಡಿತ ಭಾರದ ಶೇ 60ರಷ್ಟು ಎನ್ನೋಣ. ಹಿಂದಿನ ಗಾಲಿಗಳಿಗೇ 860 ಕಿಲೋ ಸಿಗುತ್ತದೆ, ಗಾಡಿ ಸಲೀಸಾಗಿ ಏರುತ್ತದೆ. ಮಳೆ ಬಿದ್ದು ಮೇಲ್ಮಣ್ಣು ನೆನೆದಾಗ ಹಿಡಿತ ಶೇ 30ಕ್ಕೆ ಇಳಿಯುತ್ತದೆ. ಹಿಂದಿನ ಗಾಲಿಗಳ ಪಾಲು 430, ಬೇಕಾದದ್ದು 640. ಗಾಡಿ ನಿಂತಲ್ಲೇ ಗಾಲಿ ತಿರುಗಿಸುತ್ತದೆ. ನಾಲ್ಕೂ ಗಾಲಿ ಒತ್ತಿದರೆ 765, ಏರಿಬಿಡುತ್ತದೆ. ಹಾವಸೆ ಕಟ್ಟಿದ ಚಿರೇಕಲ್ಲಿನ ಮೇಲೋ ಅಂಟುಮಣ್ಣಿನ ರಾಡಿಯಲ್ಲೋ ಹಿಡಿತ ಶೇ 20ಕ್ಕೆ ಬಂದರೆ ನಾಲ್ಕು ಗಾಲಿಗೂ ಸೇರಿ 510, ಎರಡು ಮೋಟರಿನ ಗಾಡಿಯೂ ಸೋಲುತ್ತದೆ. ಇಷ್ಟರಲ್ಲಿ ಮೋಟರಿನ ಕುದುರೆಬಲ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ದುಬಾರಿ ಟ್ರಿಮ್ಮಿನಲ್ಲಿ ನಾವು ಕೊಳ್ಳುವುದು ಹಿಡಿತದ ಮಧ್ಯದ ಪಟ್ಟಿಯನ್ನು: ಒಂದು ಕಡೆ ಒಣನೆಲ, ಇನ್ನೊಂದು ಕಡೆ ಯಾರಿಗೂ ಏರಲಾಗದ ಜಾರುನೆಲ, ನಡುವೆ ಹಿಂದಿನ ಗಾಲಿ ಮಾತ್ರ ಸೋಲುವ ನೆಲ. ನಿಮ್ಮ ಏರು ವರ್ಷದಲ್ಲಿ ಎಷ್ಟು ದಿನ ಆ ಪಟ್ಟಿಯೊಳಗೆ ಇರುತ್ತದೆ ಎನ್ನುವುದೇ ಪ್ರಶ್ನೆ. ಶೇ 10ರ ಏರಾದರೆ ಬೇಕಾದ ಎಳೆತ 390ಕ್ಕೆ ಇಳಿದು, ಶೇ 30ರ ಹಿಡಿತದಲ್ಲೂ ಹಿಂದಿನ ಗಾಲಿಗಳೇ ಹೇಗೋ ಸಾಕಾಗುತ್ತವೆ. ಅಂಥವರಿಗೆ ಎರಡನೇ ಮೋಟರ್ ವರ್ಷಕ್ಕೆ ನಾಲ್ಕಾರು ದಿನದ ಮಾತು.

ಇಲ್ಲೇ ಇನ್ನೊಂದು ಲೆಕ್ಕ ಎದುರಾಗುತ್ತದೆ. ಏರು ಮೂವತ್ತು ಮೀಟರ್ ಉದ್ದವಿದ್ದು ಜಾಗ ನಿಮ್ಮದೇ ಆಗಿದ್ದರೆ, ಗಾಲಿ ಓಡುವ ಎರಡು ಪಟ್ಟಿಗೆ ಮಾತ್ರ ಕಾಂಕ್ರೀಟ್ ಹಾಕಿ. ಪಟ್ಟಿಯ ಅಗಲ 60 ಸೆಂಟಿಮೀಟರ್, ದಪ್ಪ 10. ಎರಡಕ್ಕೂ ಸೇರಿ 3.6 ಘನ ಮೀಟರ್. ಒಂದಕ್ಕೆ ಒಂದೂವರೆಗೆ ಮೂರರ ಮಿಶ್ರಣದಲ್ಲಿ ಘನ ಮೀಟರಿಗೆ ಎಂಟು ಚೀಲದಂತೆ 29 ಚೀಲ ಸಿಮೆಂಟ್. ಉಸುಕು, ಜೆಲ್ಲಿ, ಕೂಲಿ ಎಲ್ಲ ಸೇರಿದರೂ ಮುಂದಿನ ಮೋಟರಿನ ಬೆಲೆಯ ಅರ್ಧಕ್ಕೆ ಬರುವುದಿಲ್ಲ. ಹಸಿಯಿರುವಾಗಲೇ ಗಟ್ಟಿ ಪೊರಕೆಯಿಂದ ಅಡ್ಡಡ್ಡ ಗೀರು ಎಳೆಯಬೇಕು. ನುಣುಪಾಗಿ ತೀಡಿಬಿಟ್ಟರೆ ಎರಡೇ ಮಳೆಗಾಲದಲ್ಲಿ ಹಾವಸೆ ಹಿಡಿದು ಮಣ್ಣಿಗಿಂತ ಕೆಟ್ಟದಾಗುತ್ತದೆ. ನಡುವಿನ ಮಣ್ಣನ್ನು ಎರಡಿಂಚು ತಗ್ಗಿಸಿ ನೀರು ಹೋಗಲು ಬಿಡಿ, ಇಲ್ಲದಿದ್ದರೆ ಪಟ್ಟಿಯ ಅಂಚಿನ ಮಣ್ಣು ಕೊಚ್ಚಿ ಕಾಂಕ್ರೀಟ್ ಮುರಿಯುತ್ತದೆ. ಈ ದಾರಿಯಲ್ಲಿ ಮುಂದೆ ಹಾಲಿನ ಗಾಡಿಯೂ ಅಡಿಕೆ ಗಾಡಿಯೂ ಬರುತ್ತವೆ, ಮೋಟರ್ ಒಂದೇ ಗಾಡಿಗೆ.

ಏರಿನ ಉದ್ದ ನೂರು ಮೀಟರ್ ದಾಟಿದರೆ ಸಿಮೆಂಟ್ ನೂರು ಚೀಲದ ಹತ್ತಿರ ಬಂದು ತಕ್ಕಡಿ ಮೋಟರಿನ ಕಡೆ ವಾಲತೊಡಗುತ್ತದೆ. ದಾರಿ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಅರಣ್ಯದ ಜಾಗ) ಮೇಲೆ ಹಾದಿದ್ದರೆ ಅನುಮತಿಯಿಲ್ಲದೆ ಕಾಂಕ್ರೀಟ್ ಹಾಕುವಂತಿಲ್ಲ, ನಾಲ್ಕು ಮನೆಯವರ ಸಾಮೂಹಿಕ ದಾರಿಯಾದರೆ ಎಲ್ಲರ ಒಪ್ಪಿಗೆ ಬೇಕು. ಅಂಥ ಕಡೆ 1.65 ಲಕ್ಷ ಕೊಟ್ಟು ನಾಲ್ಕು ಗಾಲಿಗೂ ಬಲ ತೆಗೆದುಕೊಳ್ಳುವುದು ಸರಿಯಾದ ಖರ್ಚು ಎಂದು ನಮಗೆ ಖಚಿತವಾಗಿದೆ.

ಟೈರಿನ ವಿಷಯ ಇದಕ್ಕೆ ಅಂಟಿಕೊಂಡೇ ಬರುತ್ತದೆ. ಈ ಗಾಡಿಗಳ ಜೊತೆ ಬರುವುದು ಹೆದ್ದಾರಿಯ ಟೈರು. ಅಂಟುಮಣ್ಣು ಅದರ ಗೆರೆಗಳಲ್ಲಿ ತುಂಬಿಕೊಂಡರೆ ನಾಲ್ಕೂ ಗಾಲಿ ಸಾಬೂನಿನ ಮೇಲಿದ್ದಂತೆ, ಗಾಡಿ ಮೇಲಕ್ಕೂ ಹೋಗದೆ ಅಡ್ಡಕ್ಕೆ ಜಾರುತ್ತದೆ. ನಾಲ್ಕು ಗಾಲಿಯ ಬಲ ಇದೆಯೆಂಬ ಧೈರ್ಯದಿಂದ ಇನ್ನಷ್ಟು ಒತ್ತಿದವರ ಗಾಡಿ ಚರಂಡಿಗೆ ಇಳಿಯುವುದು ಹೀಗೆ. ಮೂರನೇ ಮಳೆಗಾಲಕ್ಕೆ ಮುಂಚೆ ಟೈರಿನ ಗೆರೆಯ ಆಳ ಅಳೆಯಿರಿ, 4 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಡಾಂಬರಿನ ಮೇಲೂ ನೀರು ಹೊರಗೆ ಹಾಕುವ ಶಕ್ತಿ ಕುಗ್ಗಿರುತ್ತದೆ. ಎರಡೂ ಟ್ರಿಮ್ಮಿಗೆ ಬ್ರೇಕ್ ಹಿಡಿಯುವುದು ಟೈರೇ ಹೊರತು ಮೋಟರಿನ ಸಂಖ್ಯೆಯಲ್ಲ. ಏರುವಾಗ ಎರಡು ಮೋಟರ್ ಕಾಪಾಡಿದ್ದು ಇಳಿಯುವಾಗಲೂ ನಿಲ್ಲಿಸುತ್ತದೆ ಎಂದು ನಂಬಬಾರದು.

ಆದರೂ ಇಳಿಯುವಾಗ ಒಂದು ನಿಜವಾದ ಅನುಕೂಲವಿದೆ. ಆಕ್ಸಿಲರೇಟರ್ ಬಿಟ್ಟಾಗ ಮೋಟರ್ ತಾನೇ ಗಾಡಿಯನ್ನು ಹಿಡಿದು ಬ್ಯಾಟರಿ ತುಂಬುತ್ತದಲ್ಲ, ಆ ರೀಜನ್ ಹಿಂದೆ ಮಾತ್ರ ಮೋಟರ್ ಇರುವ ಗಾಡಿಯಲ್ಲಿ ಹಿಂದಿನ ಗಾಲಿಯ ಮೇಲೇ ಬೀಳುತ್ತದೆ. ಇಳಿಜಾರಿನಲ್ಲಿ ಭಾರವೆಲ್ಲ ಮುಂದೆ ಒರಗಿ ಹಿಂದಿನ ಗಾಲಿ ಹಗುರಾಗಿರುತ್ತದೆ. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಗಟ್ಟಿ ರೀಜನ್ ಇಟ್ಟು ಸಟ್ಟನೆ ಕಾಲು ತೆಗೆದರೆ ಹಿಂಬದಿ ಸ್ವಲ್ಪ ಹೊರಗೆ ತೂಗಿದಂತಾಗುತ್ತದೆ, ಸ್ಥಿರತೆಯ ಎಲೆಕ್ಟ್ರಾನಿಕ್ ವ್ಯವಸ್ಥೆ ಕೂಡಲೇ ಹಿಡಿಯುತ್ತದೆ. ಎರಡು ಮೋಟರಿನಲ್ಲಿ ಈ ಹಿಡಿತ ಮುಂದಕ್ಕೂ ಹಂಚಿಹೋಗುತ್ತದೆ. ಒಂದೇ ಮೋಟರಿನವರು ಜಡಿಮಳೆಯಲ್ಲಿ ರೀಜನ್ ಒಂದು ಹಂತ ಇಳಿಸಿಟ್ಟುಕೊಂಡು ಕಾಲನ್ನು ನಿಧಾನ ಎತ್ತಿದರೆ ಅದೇ ಫಲ ಸಿಗುತ್ತದೆ.

ಶಿರಸಿಯಿಂದ ಕೆಳಗೆ ಹೊರಡುವವರು ಯಾವ ಟ್ರಿಮ್ಮಾದರೂ ಬ್ಯಾಟರಿ ತುಂಬಿಸುವುದನ್ನು ಶೇ 85ರಿಂದ 90ಕ್ಕೆ ನಿಲ್ಲಿಸಬೇಕು. ನೂರು ತುಂಬಿದ್ದರೆ ಇಳಿಯುವಾಗ ಬಂದ ವಿದ್ಯುತ್ತಿಗೆ ಜಾಗವಿರದೆ ರೀಜನ್ ಕ್ಷೀಣವಾಗಿ, ಎರಡೂಕಾಲು ಟನ್ ದಾಟಿದ ಗಾಡಿಯ ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ ಬೀಳುತ್ತದೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯನ್ನು ಆಗಾಗ ನೂರಕ್ಕೆ ತುಂಬಬೇಕು, ಇಲ್ಲದಿದ್ದರೆ ಮೀಟರಿನ ಶೇಕಡಾ ಲೆಕ್ಕ ತಪ್ಪುತ್ತದೆ. ಅದನ್ನು ಹುಬ್ಬಳ್ಳಿ ಕಡೆ ಹೋಗುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಿ.

ಎರಡು ಮೋಟರಿಗೆ ರೇಂಜು ಕಡಿಮೆಯಾಗುತ್ತದೆ ಎಂಬ ಅಳುಕು ಹಲವರಿಗಿದೆ. ಕಂಪನಿಯ ಪ್ರಮಾಣಿತ ಅಂಕಿಯಲ್ಲಿ ಹ್ಯಾರಿಯರ್ ಇವಿ ಹಿಂಬದಿ ಮೋಟರಿನದು 627 ಕಿಲೋಮೀಟರ್, ಕ್ಯೂಡಬ್ಲ್ಯೂಡಿ 622. ಇಷ್ಟು ಕಡಿಮೆ ಅಂತರಕ್ಕೆ ಕಾರಣ ಮುಂದಿನದು ಇಂಡಕ್ಷನ್ ಮೋಟರ್ ಆಗಿರುವುದು. ಅದರಲ್ಲಿ ಶಾಶ್ವತ ಅಯಸ್ಕಾಂತವಿಲ್ಲ, ಕರೆಂಟ್ ಕೊಡದಿದ್ದಾಗ ಸುಮ್ಮನೆ ತಿರುಗುತ್ತದೆ, ಹೆಚ್ಚು ಜಗ್ಗುವುದಿಲ್ಲ. ಭಾರದ ಲೆಕ್ಕವೂ ಹೆದರಿಸುವಂಥದ್ದಲ್ಲ: ನೂರು ಕಿಲೋ ಹೆಚ್ಚಾದರೆ ಕುಮಟಾದಿಂದ ಶಿರಸಿಗೆ ಅದನ್ನು ಎತ್ತಲು 0.16 ಯೂನಿಟ್, ಒಂದು ರೂಪಾಯಿಯ ಕರೆಂಟು. ಇಡೀ ಗಾಡಿಯನ್ನು ಎತ್ತಲು ಬೇಕಾದದ್ದು 4.2 ಯೂನಿಟ್, ಮೋಟರಿನ ನಷ್ಟ ಸೇರಿ ಐದರ ಹತ್ತಿರ. ಯೂನಿಟ್ಟಿಗೆ ಆರು ಕಿಲೋಮೀಟರ್ ಓಡುವ ಗಾಡಿಗೆ ಏರುವಾಗ 15 ಯೂನಿಟ್, ಇಳಿಯುವಾಗ ರೀಜನ್ ಕಳೆದು ಏಳರ ಆಸುಪಾಸು. ಹೋಗಿಬರಲು 22 ಯೂನಿಟ್ ಎಂದು ಇಟ್ಟುಕೊಂಡರೆ ಮೋಸವಿಲ್ಲ.

ಮಳೆಗಾಲದಲ್ಲಿ ರೇಂಜಿನ ಲೆಕ್ಕಕ್ಕೆ ಬೇರೆಯೇ ಅರ್ಥ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಕುಮಟಾದಿಂದ ಅಂಕೋಲಾಕ್ಕೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಶಿರಸಿ, ಯಲ್ಲಾಪುರ ಸುತ್ತಿದರೆ ನೂರೆಪ್ಪತ್ತು ದಾಟುತ್ತದೆ, ನಡುವೆ ಒಂದು ಘಟ್ಟ ಹತ್ತಿ ಇನ್ನೊಂದು ಇಳಿಯಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಟರಿ ಶೇ 40ಕ್ಕಿಂತ ಕೆಳಗೆ ಇಳಿಯಗೊಡಬೇಡಿ. ಹಣ ಹಾಕುವುದಾದರೆ 65ರ ಬದಲು 75 ಯೂನಿಟ್ಟಿನ ಬ್ಯಾಟರಿಗೆ ಹಾಕುವುದು ಎರಡನೇ ಮೋಟರಿಗಿಂತ ಮೊದಲ ಸರತಿಯ ಖರ್ಚು ಎಂದು ನಾವು ಹೇಳುವುದು ಇದಕ್ಕೇ.

ಬೇರೆ ಗಾಡಿಗಳಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಬಿವೈಡಿ ಸೀಲಯನ್ 7ರಲ್ಲಿ ಒಂದು ಮೋಟರಿನ ಪ್ರೀಮಿಯಂ 313 ಪಿಎಸ್, ಎರಡು ಮೋಟರಿನ ಪರ್ಫಾರ್ಮೆನ್ಸ್ 530, ನೂರಕ್ಕೆ 6.7 ಸೆಕೆಂಡು ಒಂದು, 4.5 ಇನ್ನೊಂದು. ಬ್ಯಾಟರಿ ಎರಡಕ್ಕೂ 82.56 ಯೂನಿಟ್. 2025ರ ಫೆಬ್ರವರಿಯ ದರ 48.90 ಮತ್ತು 54.90 ಲಕ್ಷ. ತೆರಿಗೆ ಸೇರಿ ಅಂತರ 6.60 ಲಕ್ಷ, ರೇಂಜು ಮಾತ್ರ 567ರಿಂದ 542ಕ್ಕೆ ಇಳಿಯುತ್ತದೆ. ಇಪ್ಪತ್ತಿಂಚಿನ ಗಾಲಿ, ತೆಳ್ಳನೆಯ ಟೈರಿನ ಗೋಡೆ ಜೊತೆಗೆ ಬರುತ್ತವೆ. 245/45 ಆರ್20 ಅಳತೆಯ ಟೈರಿನ ಗೋಡೆ 110 ಮಿಲಿಮೀಟರ್. 245/55 ಆರ್19ರದು 135. ಮಳೆನೀರು ತುಂಬಿ ಆಳ ಕಾಣದ ಹೊಂಡದಲ್ಲಿ ಆ 25 ಮಿಲಿಮೀಟರ್ ರಿಮ್ಮನ್ನು ಉಳಿಸುತ್ತದೆ. ಇಂಥ ಟೈರು ಒಂದಕ್ಕೆ ಇಪ್ಪತ್ತು ಸಾವಿರ ದಾಟುವುದು ಸಾಮಾನ್ಯ, ತಾಲೂಕು ಊರಿನ ಅಂಗಡಿಯಲ್ಲಿ ಇಟ್ಟಿರುವುದಿಲ್ಲ, ತರಿಸಬೇಕು. ಸ್ಟೆಪ್ನಿ ಕೊಡುತ್ತಾರೋ ಪಂಕ್ಚರ್ ಕಿಟ್ ಮಾತ್ರವೋ ಎಂದು ಕೇಳಿ. ಗೋಡೆ ಸೀಳಿದ ಟೈರಿಗೆ ಕಿಟ್ಟಿನಿಂದ ಪ್ರಯೋಜನವಿಲ್ಲ. ರಾಡಿ ದಾರಿಗೆ ಬೇಕಾದ ಎತ್ತರವೂ ಮೋಡುಗಳೂ ಮೊದಲೇ ಉದ್ದೇಶವಲ್ಲದ ಗಾಡಿಯಲ್ಲಿ 530 ಪಿಎಸ್‌ಗೆ ಆರೂವರೆ ಲಕ್ಷ ಕೊಡುವುದನ್ನು ನಮ್ಮ ಜಿಲ್ಲೆಯ ರಸ್ತೆಗಳ ಮೇಲೆ ಸಮರ್ಥಿಸಲು ನಮಗೆ ಆಗಲಿಲ್ಲ.

ಮಹೀಂದ್ರಾ ಬಿಇ 6 ಮತ್ತು ಎಕ್ಸ್‌ಇವಿ 9ಇಯಲ್ಲಿ ಎಲ್ಲ ಟ್ರಿಮ್ಮೂ ಹಿಂಬದಿ ಮೋಟರಿನವು. ಅಲ್ಲಿ ಮೇಲಿನ ಹಣ ಹೋಗುವುದು 59ರಿಂದ 79 ಯೂನಿಟ್ ಬ್ಯಾಟರಿಗೆ, ಅದರ ಜೊತೆ 170ರಿಂದ 210 ಕಿಲೋವ್ಯಾಟಿಗೆ. ಟಾರ್ಕ್ ಎರಡಕ್ಕೂ 380 ಎನ್ಎಂ. ಬ್ಯಾಟರಿಗೆಂದು ಕೊಟ್ಟರೆ ಸರಿ, ಕಿಲೋವ್ಯಾಟಿಗೆಂದು ಕೊಡಬೇಡಿ.

ಮನೆಯ ವಿದ್ಯುತ್ ವ್ಯವಸ್ಥೆಯ ಖರ್ಚನ್ನು ಟ್ರಿಮ್ ಆರಿಸುವ ಮೊದಲೇ ಬದಿಗೆ ತೆಗೆದಿಡಬೇಕು. 7.2 ಕಿಲೋವ್ಯಾಟ್ ಚಾರ್ಜರ್ ಎಳೆಯುವುದು 32 ಆಂಪಿಯರ್. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಸಂಜೆ ಏಳರಿಂದ ಒಂಬತ್ತರವರೆಗೆ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆ ಎಂದು ವಾರವಿಡೀ ಬರೆದುಕೊಳ್ಳಿ. 190ರ ಕೆಳಗೆ ಹೋದರೆ ಚಾರ್ಜರ್ ನಿಧಾನವಾಗುತ್ತದೆ ಇಲ್ಲವೇ ಕೈಕೊಡುತ್ತದೆ. ಮೀಟರಿನಿಂದ ಮೂವತ್ತು ಮೀಟರ್ ಒಳಗಾದರೆ 6 ಚದರ ಮಿಲಿಮೀಟರಿನ ತಾಮ್ರದ ವಯರು, ದೂರವಾದರೆ 10. ಮಂಜೂರಾದ ಲೋಡ್ ಹೆಚ್ಚಿಸಲು ಹೆಸ್ಕಾಂಗೆ ಅರ್ಜಿ ಬೇಕು. ವರ್ಷಕ್ಕೆ 15,000 ಕಿಲೋಮೀಟರ್ ಓಡಿಸಿದರೆ ತಿಂಗಳಿಗೆ ನಷ್ಟ ಸೇರಿ 230 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ಗಾಡಿ ಒಂದೇ ದಾಟಿಸಿಬಿಡುತ್ತದೆ, ಆ ತಿಂಗಳ ಪೂರಾ ಬಿಲ್ ಕಟ್ಟಬೇಕಾಗುತ್ತದೆ. ವಿದ್ಯುತ್ ಗಾಡಿಗೆಂದೇ ಎಲ್‌ಟಿ-6(ಸಿ) ಎಂಬ ಬೇರೆ ವರ್ಗವಿದೆ. ಪ್ರತ್ಯೇಕ ಮೀಟರು, ಪ್ರತ್ಯೇಕ ಆರ್‌ಆರ್ ನಂಬರಿನ ಬಗ್ಗೆ ಸೆಕ್ಷನ್ ಆಫೀಸಿನಲ್ಲಿ ವಿಚಾರಿಸಿ.

ಅರ್ಥಿಂಗ್ ನಮ್ಮ ಕಡೆ ಎಲ್ಲರನ್ನೂ ಸತಾಯಿಸುತ್ತದೆ. ಚಿರೇಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಚಾರ್ಜರ್ ಕೆಂಪು ದೀಪ ಹಾಕಿ ಕೂರುತ್ತದೆ. ಮಳೆಗಾಲದಲ್ಲಿ ಹಾಕಿಸಿದ ಅರ್ಥಿಂಗ್ ಸರಿಯಾಗಿ ಕಂಡು ಮಾರ್ಚಿನಲ್ಲಿ ಕೆಡುವುದು ಇದೇ ಕಾರಣಕ್ಕೆ. ಬಾವಿಕಟ್ಟೆಯ ಕಡೆಯೋ ಬಚ್ಚಲು ನೀರು ಹೋಗುವ ಜಾಗದಲ್ಲೋ ಗುಂಡಿ ತೆಗೆಸಿ, ಏಪ್ರಿಲ್‌ನಲ್ಲಿ ಒಮ್ಮೆ ಅಳತೆ ಮಾಡಿಸಿ. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಕಡ್ಡಾಯ. ಕಾರವಾರ, ಗೋಕರ್ಣದಂಥ ಕಡಲಂಚಿನವರು ಚಾರ್ಜಿಂಗ್ ಪೋರ್ಟಿನ ಮುಚ್ಚಳ ತೆರೆದಿಡಬಾರದು, ವಾರಕ್ಕೊಮ್ಮೆ ರೀಜನ್ ತೆಗೆದು ನಾಲ್ಕಾರು ಬಾರಿ ಗಟ್ಟಿಯಾಗಿ ಬ್ರೇಕ್ ಒತ್ತಿ ಡಿಸ್ಕಿನ ತುಕ್ಕು ಉಜ್ಜಬೇಕು.

ಟೆಸ್ಟ್ ಡ್ರೈವನ್ನು ಮಳೆ ಬಿದ್ದ ಮರುದಿನಕ್ಕೆ ಕೇಳಿ. ಎರಡೂ ಟ್ರಿಮ್ ಒಂದೇ ದಿನ, ಅದೇ ರಸ್ತೆ, ಅದೇ ಐದು ಜನ, ಎಸಿ ಒಂದೇ ಮಟ್ಟದಲ್ಲಿ. ಹೊರಡುವ ಮುನ್ನ ಟೈರಿನ ಗಾಳಿ ನೋಡಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಹುಬ್ಬಳ್ಳಿಯ ಬೈಪಾಸಿನಲ್ಲಿ ಹತ್ತು ನಿಮಿಷ ಓಡಿಸಿದರೆ ಇಲ್ಲಿಯ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಗಾಡಿ ಮನೆವರೆಗೆ ಬರಲಿ, ನಿಮ್ಮ ಏರಿನ ಅತಿ ಕಡಿದಾದ ಜಾಗದಲ್ಲಿ ನಿಲ್ಲಿಸಿ ಅಲ್ಲಿಂದ ಹೊರಡಿಸಿ. ಕೆಳಗಿನಿಂದ ಓಡಿಬಂದು ಏರಿದ್ದು ಪರೀಕ್ಷೆಯಲ್ಲ. ಮೊದಲು ನಾರ್ಮಲ್ ಮೋಡಿನಲ್ಲಿ, ಆಮೇಲೆ ಆ ಗಾಡಿಯಲ್ಲಿ ರಾಡಿ ದಾರಿಗೆಂದು ಮೋಡ್ ಇದ್ದರೆ ಅದರಲ್ಲಿ. ಹಿಮ್ಮುಖವಾಗಿಯೂ ಒಮ್ಮೆ ಹತ್ತಿಸಿ. ಹಿಂಬದಿ ಮೋಟರಿನ ಗಾಡಿಯೂ ಪ್ರತಿ ಬಾರಿ ಹೊರಟರೆ ಅದನ್ನೇ ತೆಗೆದುಕೊಳ್ಳಿ, ಮಾತು ಮುಗಿಯಿತು. ಮುಂದಿನ ಡಿಕ್ಕಿಯ ಜಾಗವನ್ನೂ ನೋಡಿ. ಎರಡನೇ ಮೋಟರ್ ಕೂತ ಗಾಡಿಯಲ್ಲಿ ಅದು ಚಿಕ್ಕದು.

ಬುಕಿಂಗ್ ಮಾಡುವ ಮೊದಲು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ, ಘಟ್ಟದಲ್ಲಿ ನಿಂತರೆ ಒಯ್ಯುವವರು ಯಾರು ಎಂಬುದು. ಎರಡು ಮೋಟರಿನ ಗಾಡಿಯನ್ನು ಎರಡು ಗಾಲಿ ಎತ್ತಿ ಎಳೆದುಕೊಂಡು ಹೋಗುವಂತಿಲ್ಲ. ನೆಲದ ಮೇಲೆ ಗಾಲಿ ತಿರುಗಿದರೆ ಮೋಟರೂ ತಿರುಗಿ ವಿದ್ಯುತ್ ಹುಟ್ಟಿಸಿ ಇನ್‌ವರ್ಟರಿಗೆ ಹಾನಿಯಾಗಬಹುದು. ನಾಲ್ಕೂ ಗಾಲಿ ಮೇಲಿರುವ ಫ್ಲಾಟ್‌ಬೆಡ್ ಲಾರಿಯೇ ಬೇಕು. ಅದು ಯಾವ ಊರಿನಿಂದ, ಎಷ್ಟು ತಾಸಿನಲ್ಲಿ, ಮಳೆಗಾಲದ ರಾತ್ರಿಯೂ ಬರುತ್ತದೆಯೋ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ರಾಡಿಯಿಂದ ನಾಲ್ಕು ಮಾರು ಈಚೆಗೆ ಟ್ರ್ಯಾಕ್ಟರಿನಲ್ಲಿ ಎಳೆಸುವುದಾದರೆ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹಗ್ಗವನ್ನು ಸಸ್ಪೆನ್ಷನ್ನಿನ ತೋಳಿಗೆ ಕಟ್ಟಬೇಡಿ. ಬಂಪರಿನಲ್ಲಿ ಚಿಕ್ಕ ಮುಚ್ಚಳ ಇರುತ್ತದೆ, ಅದರ ಹಿಂದಿನ ತೂತಿಗೆ ತಿರುಗಿಸಿ ಹಾಕುವ ಕೊಂಡಿ ಸಾಮಾನಿನ ಚೀಲದಲ್ಲಿರುತ್ತದೆ. ಡೆಲಿವರಿಯ ದಿನವೇ ಅದನ್ನು ತೆಗೆಸಿ, ಒಮ್ಮೆ ಹಾಕಿ ನೋಡಿ, ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ತೋರಿಸಿಡಿ.